ಪಿಂಡಾರಿ ಹಿಮನದಿಗೆ ಹೋಗುವುದು ಹೇಗೆ? ಬೆಳಗಿನ ಎಂಟರಿಂದ ಹಿಂದಕ್ಕೆ ಎಣಿಸಿ

ಉತ್ತರಾಖಂಡದ ಬಾಗೇಶ್ವರ ಜಿಲ್ಲೆಯ ಪಿಂಡಾರಿ ಹಿಮನದಿ ಹಿಮಾಲಯದ ಲೆಕ್ಕದಲ್ಲಿ ಪುಟ್ಟದು, ಉದ್ದ ಸುಮಾರು 3 ಕಿ.ಮೀ. ಕಲಬುರಗಿಯಿಂದ ಹೊರಡುವವರು ಮೊದಲು ಚಳಿಯ ಬಗ್ಗೆ ಕೇಳುತ್ತಾರೆ. ಕೇಳಬೇಕಾದ್ದು ಹೊತ್ತಿನ ಬಗ್ಗೆ. ಒಂಬತ್ತು–ಹತ್ತರ ಸುಮಾರಿಗೆ ಕಣಿವೆಯಿಂದ ಮೋಡ ಏರುತ್ತದೆ, 6,861 ಮೀಟರಿನ ನಂದಾಕೋಟ್ ಶಿಖರ ಕಣ್ಮರೆಯಾಗುತ್ತದೆ. ಎಂಟಕ್ಕೆಲ್ಲ ಜೀರೋ ಪಾಯಿಂಟ್, ಅಂದರೆ ಹಿಮನದಿಯ ಎದುರು ನಡಿಗೆ ಮುಗಿಯುವ ಜಾಗ, ತಲುಪಿರಬೇಕು. ಉಳಿದೆಲ್ಲವನ್ನೂ ಅಲ್ಲಿಂದ ಹಿಂದಕ್ಕೆ ಎಣಿಸಿ.

ಜೀರೋ ಪಾಯಿಂಟ್ ಸುಮಾರು 3,650 ಮೀ. ಎತ್ತರದಲ್ಲಿದೆ. ಕೊನೆಯ ತಂಗುದಾಣ ಫುರ್ಕಿಯಾದಿಂದ 7 ಕಿ.ಮೀ., ಮೂರು ತಾಸಿನ ಏರು. ಅಂದರೆ ಬೆಳಗಿನ ಜಾವ ಐದಕ್ಕೆ ಮೊದಲೇ ಟಾರ್ಚ್ ಹಿಡಿದು ಹೊರಡಬೇಕು. ಹಿಂದಿನ ರಾತ್ರಿ ಫುರ್ಕಿಯಾ (3,200 ಮೀ.), ಅದಕ್ಕೂ ಹಿಂದಿನ ರಾತ್ರಿ ದ್ವಾಲಿ (2,600 ಮೀ.), ಅದಕ್ಕೂ ಮುಂಚೆ ಕೊನೆಯ ಹಳ್ಳಿ ಖಾತಿ (2,200 ಮೀ.).

ಹೆಚ್ಚಿನವರು ಎಡವುವುದು ದ್ವಾಲಿಯಲ್ಲಿ. ಫುರ್ಕಿಯಾ ಇನ್ನು ಐದೇ ಕಿ.ಮೀ., ಒಂದು ದಿನ ಉಳಿಸೋಣ ಎಂದು ಖಾತಿಯಿಂದ ಒಂದೇ ಸಮನೆ ನಡೆದುಬಿಡುತ್ತಾರೆ. ಒಂದೇ ದಿನ ಸಾವಿರ ಮೀಟರ್ ಏರಿ ಮಲಗಿದರೆ ರಾತ್ರಿ ತಲೆಸಿಡಿತ, ವಾಂತಿ. ಕಲಬುರಗಿ ಇರುವುದೇ 450 ಮೀಟರಿನಲ್ಲಿ. ಜೀರೋ ಪಾಯಿಂಟ್‌ನಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟೇ. ತಲೆನೋವು ಹೆಚ್ಚುತ್ತಿದ್ದರೆ, ನಡಿಗೆ ತೂರಾಡಿದರೆ ರಾತ್ರಿಯಾದರೂ ಕೆಳಗಿಳಿಯಬೇಕು. ಎತ್ತರದ ಈ ತೊಂದರೆ ತಡೆಯುವ ಡಯಾಮಾಕ್ಸ್ ಮಾತ್ರೆ ವೈದ್ಯರನ್ನು ಕೇಳಿಯೇ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ತಿಳಿಸಿ.

ದಾರಿ ಹೀಗೆ: ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು ದೆಹಲಿ. ಹಳೆ ದೆಹಲಿಯಿಂದ ರಾತ್ರಿ ರೈಲಿನಲ್ಲಿ ಕಾಠಗೋದಾಮ್. ಅಲ್ಲಿಂದ ಅಲ್ಮೋರಾ ದಾಟಿ ಬಾಗೇಶ್ವರಕ್ಕೆ ಜೀಪಿನಲ್ಲಿ ಇಡೀ ದಿನ. ಮರುದಿನ ಕಪಕೋಟ್ ಮೂಲಕ ಖರ್ಕಿಯಾವರೆಗೆ ಜೀಪು, ಮುಂದೆ ಖಾತಿಗೆ 5 ಕಿ.ಮೀ. ನಡಿಗೆ. ನಗದು ಬಾಗೇಶ್ವರದಲ್ಲೇ ತೆಗೆದುಕೊಳ್ಳಿ. ಹೋಗಿಬರಲು ಹದಿನಾಲ್ಕು ದಿನ ರಜೆ ಬೇಕು; ಅದರಲ್ಲಿ ಒಂದು ದಿನವನ್ನು ಮಳೆಗೆಂದೇ ಬಿಡಿ. ಮೇ–ಜೂನ್ ಮೊದಲ ವಾರ, ಇಲ್ಲವೇ ಸೆಪ್ಟೆಂಬರ್ ಕೊನೆ–ಅಕ್ಟೋಬರ್. ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ, ಮರದ ಕಾಲುಸಂಕ ಕೊಚ್ಚಿಹೋಗುತ್ತದೆ.

ತಯಾರಿ ಎರಡು ತಿಂಗಳು ಮುಂಚೆ ಶುರುವಾಗಲಿ. ಕಲಬುರಗಿಯ ಅಪ್ಪನ ಕೆರೆ ಸುತ್ತ ನಡೆದರೆ ದಮ್ಮು ಬಂದೀತು, ತೊಡೆ ಗಟ್ಟಿಯಾಗದು. ಮೆಟ್ಟಿಲು ಹತ್ತಿ, ಮುಖ್ಯವಾಗಿ ಇಳಿಯಿರಿ, ಬೆನ್ನಿಗೆ 7 ಕಿಲೋ ಹೊತ್ತು. ಯಾದಗಿರಿಯವರಿಗೆ ಕೋಟೆ ಗುಡ್ಡ ಊರಲ್ಲೇ ಇದೆ, ಅದೃಷ್ಟವಂತರು. ಬೂಟು ಅರ್ಧ ಸೈಜು ದೊಡ್ಡದಿರಲಿ, ಉಗುರು ಕತ್ತರಿಸಿರಿ. ಇಲ್ಲದಿದ್ದರೆ ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಒತ್ತಿ ಉಗುರು ಕಪ್ಪಾಗುತ್ತದೆ. ಹತ್ತಿ ಬನಿಯನ್ ಬೇಡ, ಬೆವರು ಹೀರಿ ಒಣಗದೆ ಮೈ ತಣ್ಣಗಾಗಿಸುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ವಾರಗಟ್ಟಲೆ ಕೆಡುವುದಿಲ್ಲ. ಆದರೆ ಬಟ್ಟೆ ಗಂಟಿನಲ್ಲಿ ಕಟ್ಟಿದರೆ ಖಾತಿ ಸೇರುವಷ್ಟರಲ್ಲಿ ರೊಟ್ಟಿ ನುಚ್ಚಾಗಿರುತ್ತದೆ, ಸ್ಟೀಲ್ ಡಬ್ಬಿಯಲ್ಲಿಡಿ.

ಜೀರೋ ಪಾಯಿಂಟ್‌ನಲ್ಲಿ ಬೆಳ್ಳಗಿನ ನದಿಯನ್ನು ನಿರೀಕ್ಷಿಸಬೇಡಿ. ಹಿಮನದಿಯ ಮೂತಿ, ಅಂದರೆ ಕೆಳತುದಿ, ಕಲ್ಲು–ಮಣ್ಣು ಹೊದ್ದು ಬೂದಿಬಣ್ಣಕ್ಕಿರುತ್ತದೆ. ನೀವು ನಿಲ್ಲುವ ದಿಬ್ಬವೂ ಹಿಮ ಬಿಟ್ಟುಹೋದ ಸಡಿಲ ಮಣ್ಣೇ, ಅಂಚು ಕೆಳಗಿನಿಂದ ಕೊರೆದಿರುತ್ತದೆ. ಹತ್ತು ಹೆಜ್ಜೆ ಹಿಂದೆಯೇ ನಿಲ್ಲಿ. ಹಗ್ಗ, ಮಾರ್ಗದರ್ಶಿ ಇಲ್ಲದೆ ಹಿಮದ ಮೇಲೆ ಕಾಲಿಡಬೇಡಿ, ಬಿರುಕುಗಳನ್ನು ಹೊಸ ಹಿಮ ಮುಚ್ಚಿರುತ್ತದೆ. ಬಿಸಿಲೇರಿದಂತೆ ಹಿಮ ಕರಗಿ ತೊರೆಗಳು ಉಬ್ಬುತ್ತವೆ. ಒಂಬತ್ತಕ್ಕೆ ಹಿಂದಿರುಗಿದರೆ ಮೊಣಕಾಲು ನೆನೆಯದೆ ದಾಟಬಹುದು.