ಬಾಲ್ ಸ್ಕ್ರೂನಲ್ಲಿ ಆಟ ಎಲ್ಲಿತ್ತು: ನನ್ನ ಅನುಭವ

ಮನೆಯಲ್ಲೇ ಕಟ್ಟಿದ ಸಿಎನ್‌ಸಿಯಲ್ಲಿ (ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಯಂತ್ರ) ನಾನು ಮೊದಲು ಕತ್ತರಿಸಿದ್ದು 40 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ ಬಿಲ್ಲೆ. ನೋಡಲು ದುಂಡಗೇ ಇತ್ತು. ಅಂಚಿನ ಮೇಲೆ ಬೆರಳಾಡಿಸಿದಾಗ ವಿಷಯ ಗೊತ್ತಾಯಿತು. ಗಡಿಯಾರ ಅಂದುಕೊಂಡರೆ 3 ಮತ್ತು 9 ಗಂಟೆ ಇರುವ ಕಡೆ ಅಂಚು ಚಪ್ಪಟೆ, ಪಕ್ಕದಲ್ಲೇ ಉಗುರಿಗೆ ಸಿಗುವಂಥ ಸಣ್ಣ ಮೆಟ್ಟಿಲು. ಮೈಕ್ರೊಮೀಟರ್‌ನಲ್ಲಿ ಎಕ್ಸ್ ಕಡೆಯ (ಎಡದಿಂದ ಬಲಕ್ಕೆ) ಅಳತೆ 39.89. ಎಕ್ಸ್ ಆ್ಯಕ್ಸಿಸ್ ದಿಕ್ಕು ಬದಲಿಸುವುದು ಆ ಎರಡು ಜಾಗದಲ್ಲೇ ಅಲ್ವಾ? ಅಲ್ಲಿ ಮೋಟರ್ ತಿರುಗುತ್ತದೆ, ಟೇಬಲ್ ಮಾತ್ರ ಒಂದು ಕ್ಷಣ ನಿಂತಲ್ಲೇ ನಿಂತಿರುತ್ತದೆ. ಈ ಸಡಿಲವೇ ಬ್ಯಾಕ್‌ಲ್ಯಾಶ್, ನಾವು ಆಟ ಅನ್ನುವುದೂ ಇದನ್ನೇ.

ಟೇಬಲ್ ಅನ್ನು ಓಡಿಸುವುದು ಬಾಲ್ ಸ್ಕ್ರೂ. ಮೋಟರ್ ಸ್ಕ್ರೂವನ್ನು ತಿರುಗಿಸಿದರೆ, ಅದರ ಮೇಲಿನ ನಟ್ ಒಳಗಿನ ಉಕ್ಕಿನ ಗುಂಡುಗಳ ಮೇಲೆ ಸಾಗಿ ಟೇಬಲ್ ಅನ್ನು ಒಯ್ಯುತ್ತದೆ. ನನ್ನದು ಎಸ್‌ಎಫ್‌ಯು 1605 ಸ್ಕ್ರೂ. 16 ಮಿ.ಮೀ. ದಪ್ಪ, ಸುತ್ತಿಗೆ 5 ಮಿ.ಮೀ. ಓಟ, ರೋಲ್ ಮಾಡಿದ ಸಿ7 ದರ್ಜೆ. ಸಿ7 ಅಂದರೆ 300 ಮಿ.ಮೀ. ಉದ್ದಕ್ಕೆ 0.05 ಮಿ.ಮೀ.ವರೆಗೆ ವ್ಯತ್ಯಾಸ ಬರಬಹುದು. ಆದರೆ ಅದು ಲೀಡ್‌ನ, ಅಂದರೆ ಸುತ್ತಿಗೆ ಓಡುವ ದೂರದ ತಪ್ಪು. ಬ್ಯಾಕ್‌ಲ್ಯಾಶ್ ಬೇರೆಯದೇ. ಎರಡೂ ಒಂದೇ ಅಂತ ನಾನು ಬಹಳ ದಿನ ತಿಳಿದುಕೊಂಡಿದ್ದೆ.

ಆಟ ಇದೆ ಅಂದ ಕೂಡಲೇ ಎಲ್ಲರೂ ನಟ್ ಕಡೆ ಬೆರಳು ತೋರಿಸುತ್ತಾರೆ. ನಾನೂ ಡಬಲ್ ನಟ್ (ಎರಡು ನಟ್ ಸೇರಿ ಆಟ ತೆಗೆಯುವಂಥದ್ದು) ತರಿಸಲು ಹೊರಟಿದ್ದೆ. ಅಷ್ಟರಲ್ಲಿ, ಮೊದಲು ಅಳೆದು ನೋಡೋಣ ಅನ್ನಿಸಿತು. 0.01 ಮಿ.ಮೀ. ಗೀಟಿನ ಡಯಲ್ ಗೇಜನ್ನು ಮ್ಯಾಗ್ನೆಟಿಕ್ ಬೇಸ್ ಮೇಲೆ ಕೂರಿಸಿ, ಅದರ ತುದಿಯನ್ನು ಟೇಬಲ್‌ಗೆ ತಾಗಿಸಿದೆ. ಒಂದೇ ದಿಕ್ಕಿನಲ್ಲಿ 0.01ರಂತೆ ಜಾಗ್ ಮಾಡುತ್ತಾ, ಅಂದರೆ ಟೇಬಲ್ ಅನ್ನು ಒಂದೊಂದೇ ಹೆಜ್ಜೆ ಓಡಿಸುತ್ತಾ ಹೋದೆ. ಮುಳ್ಳು ಹೆಜ್ಜೆಗೆ ಹೆಜ್ಜೆ ಓಡತೊಡಗಿದ ಮೇಲೆ ಸೊನ್ನೆಗೆ ತಂದು, ಹಿಂದಕ್ಕೆ ಜಾಗ್ ಮಾಡಿದೆ. ಹನ್ನೊಂದು ಹೆಜ್ಜೆ ಮುಳ್ಳು ಅಲುಗಲೇ ಇಲ್ಲ. ಒಟ್ಟು 0.11.

ಈ 0.11 ಎಲ್ಲೆಲ್ಲಿ ಹಂಚಿಹೋಗಿದೆ ಅಂತ ಹುಡುಕಿದ್ದೇ ಇಡೀ ಕೆಲಸದಲ್ಲಿ ಮುಖ್ಯವಾದದ್ದು. ಸ್ಕ್ರೂವಿನ ತುದಿಯ ಸೆಂಟರ್ ತೂತಿಗೆ ಒಂದು ಚೂರು ಗ್ರೀಸ್ ಹಚ್ಚಿ ಸಣ್ಣ ಉಕ್ಕಿನ ಗುಂಡು ಕೂರಿಸಿದೆ. ಡಯಲ್‌ನ ತುದಿಯನ್ನು ಆ ಗುಂಡಿಗೆ ತಾಗಿಸಿದೆ. ಮೋಟರ್‌ಗೆ ಪವರ್ ಕೊಟ್ಟು ಹಿಡಿಸಿ, ಟೇಬಲ್ ಅನ್ನು ಕೈಯಿಂದ ಹಿಂದೆ ಮುಂದೆ ದಬ್ಬಿದೆ. ಪವರ್ ಇರಲೇಬೇಕು. ಇಲ್ಲದಿದ್ದರೆ ದಬ್ಬಿದಾಗ ಬಾಲ್ ಸ್ಕ್ರೂ ತಾನೇ ತಿರುಗಿಬಿಡುತ್ತದೆ, ಅಳತೆಗೆ ಅರ್ಥ ಇರುವುದಿಲ್ಲ. ಮುಳ್ಳು 0.06 ಓಡಿತು. ಅಂದರೆ ಇಡೀ ಸ್ಕ್ರೂವೇ ಉದ್ದುದ್ದಕ್ಕೆ ಜಾರುತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಆಟಕ್ಕೂ ನಟ್‌ಗೂ ಸಂಬಂಧವೇ ಇರಲಿಲ್ಲ! ಆಮೇಲೆ ನಟ್ ಅನ್ನು ಟೇಬಲ್‌ಗೆ ಹಿಡಿಸುವ ಬ್ರ್ಯಾಕೆಟ್ ಮೇಲೆ ಬೇಸ್ ಇಟ್ಟು ನಟ್‌ನ ಫ್ಲ್ಯಾಂಜ್ (ಬೋಲ್ಟ್ ಹಾಕುವ ಅಗಲ ಅಂಚು) ಅಳೆದೆ, 0.02. ಉಳಿದ 0.03 ಮಾತ್ರ ನಟ್‌ನದು.

ಸ್ಕ್ರೂವಿನ ತುದಿಯನ್ನು ಹಿಡಿದಿಡುವ ಬಿಕೆ12 ಸಪೋರ್ಟ್ ಬಿಚ್ಚಿದೆ. ಒಳಗಿದ್ದದ್ದು ಎರಡು 6001, ಸಾಮಾನ್ಯ ಡೀಪ್ ಗ್ರೂವ್ ಬೇರಿಂಗ್. ಅವುಗಳಲ್ಲಿ ಉದ್ದುದ್ದಕ್ಕೆ ಆಟ ಹುಟ್ಟಿನಿಂದಲೇ ಇರುತ್ತದೆ. ಅಲ್ಲಿ ಇರಬೇಕಾದದ್ದು ಉದ್ದುದ್ದಕ್ಕೆ ಬರುವ ಒತ್ತನ್ನೂ ಹೊರುವ ಆ್ಯಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್. 7001ರ ಅಳತೆಯೂ 12, 28, 8 ಮಿ.ಮೀ. ಆದ್ದರಿಂದ ಸೀದಾ ಕೂರುತ್ತದೆ. ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ಹಾಕಿದೆ. ಹೊರಗಿನ ರಿಂಗ್‌ಗಳ ದಪ್ಪ ಅಂಚುಗಳು ಒಂದಕ್ಕೊಂದು ಎದುರಾಗಿರಬೇಕು. ನನ್ನ ಬೇರಿಂಗ್‌ಗಳು ಜೋಡಿಯಾಗಿ ಗ್ರೈಂಡ್ ಮಾಡಿದವಲ್ಲ. ಹಾಗಾಗಿ ಹೊರ ರಿಂಗ್‌ಗಳ ಮಧ್ಯೆ 0.05 ಮಿ.ಮೀ. ಶಿಮ್ (ತೆಳು ತಗಡಿನ ಬಳೆ) ಇಟ್ಟೆ. ಈಗ ಲಾಕ್ ನಟ್ ಬಿಗಿ ಮಾಡಿದರೆ ಒಳ ರಿಂಗ್‌ಗಳು ಒಂದರ ಕಡೆ ಒಂದು ಸರಿದು ಗುಂಡುಗಳನ್ನು ಒತ್ತುತ್ತವೆ. ಬಿಗಿ ಎಷ್ಟು ಅನ್ನುವುದನ್ನು ಕೈಯೇ ಹೇಳಬೇಕು. ಸ್ಕ್ರೂ ತಿರುಗಿಸಿದಾಗ ದಪ್ಪ ಎಣ್ಣೆಯಲ್ಲಿ ತಿರುಗಿದ ಹಾಗೆ ಒಂದೇ ಸಮನೆ ಎಳೆತ ಇರಬೇಕು. ಗರಗರ ಅಂದರೆ ಜಾಸ್ತಿ ಆಯಿತು, ಸ್ವಲ್ಪ ಸಡಿಲಿಸಿ. ಮತ್ತೆ ಡಯಲ್ ಇಟ್ಟಾಗ ಮುಳ್ಳು ಅಲುಗಲಿಲ್ಲ. ಆ ಸಂಜೆಯ ಖುಷಿ ಇನ್ನೂ ನೆನಪಿದೆ.

ಬ್ರ್ಯಾಕೆಟ್ ಕೆಲಸ ಬೇಗ ಮುಗಿಯಿತು. ನಟ್ ಕೂರುವ ಮುಖದಲ್ಲಿ ಬರ್ (ಕತ್ತರಿಸಿದಾಗ ಏಳುವ ಚೂಪು ಅಂಚು) ಉಳಿದಿತ್ತು. ಅರ ಹಾಕಿ ತೆಗೆದೆ. ಟೇಬಲ್ ಅನ್ನು ಬಿಕೆ12 ಹತ್ತಿರಕ್ಕೆ ತಂದು ಅಲ್ಲೇ ಬೋಲ್ಟ್ ಬಿಗಿದೆ. ಮಧ್ಯದಲ್ಲಿ ನಿಲ್ಲಿಸಿ ಬಿಗಿದರೆ ಸ್ಕ್ರೂ ಬಾಗಿಕೊಂಡು ತಪ್ಪನ್ನು ಮುಚ್ಚಿಡುತ್ತದೆ.

ಕೊನೆಗೆ ನಟ್. ಮೊದಲ ಸಲ ಅದನ್ನು ಸುಮ್ನೆ ಸ್ಕ್ರೂವಿನಿಂದ ಬಿಚ್ಚಿದೆ, ಗುಂಡುಗಳೆಲ್ಲ ನೆಲದ ಪಾಲಾದವು. ಸ್ಕ್ರೂವಿನ ತಳದ ವ್ಯಾಸಕ್ಕೆ ಹೊಂದುವ ಕೊಳವೆಯನ್ನು ತುದಿಗೆ ಹಿಡಿದು ನಟ್ ಅನ್ನು ಅದರ ಮೇಲೆ ಹತ್ತಿಸಬೇಕು. ನಟ್‌ನ ಆಟ ತೆಗೆಯಲು ಸ್ವಲ್ಪ ದಪ್ಪ ಗುಂಡು ಹಾಕಬೇಕು. ಮೂಲ ಗುಂಡು 3.175 ಮಿ.ಮೀ. ಗುಂಡು ಓಡುವ ತೋಡು 45 ಡಿಗ್ರಿಯಲ್ಲಿ ಗುಂಡನ್ನು ತಾಗುತ್ತದೆ ಅಂತ ಹಿಡಿದರೆ, ಗುಂಡು 5 ಮೈಕ್ರಾನ್ (0.005 ಮಿ.ಮೀ.) ದಪ್ಪ ಆದಾಗ ಆಟ ಸುಮಾರು 14 ಮೈಕ್ರಾನ್ ಇಳಿಯುತ್ತದೆ. ನನ್ನ 0.03ಕ್ಕೆ 3.185 ಸಾಕಿತ್ತು. ಆಸೆಬಿದ್ದು 3.190 ಹಾಕಿದೆ. ಸ್ಕ್ರೂವಿನ ಒಂದು ಕಡೆ ಚೆನ್ನಾಗಿ ಓಡಿತು, ಇನ್ನೊಂದು ಕಡೆ ಬಿಗಿ ಹಿಡಿದು ಮೋಟರ್ ಹೆಜ್ಜೆ ತಪ್ಪಿತು. ರೋಲ್ ಮಾಡಿದ ಸ್ಕ್ರೂ ಉದ್ದಕ್ಕೂ ಒಂದೇ ದಪ್ಪ ಇರುವುದಿಲ್ಲ. ಎಲ್ಲಿ ಹೆಚ್ಚು ಬಿಗಿಯೋ ಅಲ್ಲಿಗೆ ಗುಂಡು ಹೊಂದಿಸಬೇಕು. 3.185ಕ್ಕೆ ವಾಪಸ್ ಬಂದೆ. ಎಲ್ಲ ಗುಂಡುಗಳೂ ಒಂದೇ ಲಾಟ್‌ನವು. ಹಳೆಯದು ಹೊಸದು ಬೆರೆಸಿದರೆ ದಪ್ಪ ಇರುವ ನಾಲ್ಕೇ ಗುಂಡು ಭಾರ ಹೊರುತ್ತವೆ.

ಸಾಫ್ಟ್‌ವೇರ್‌ನಲ್ಲೇ ಸರಿ ಮಾಡಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಯಂತ್ರ ಓಡಿಸುವ ಮ್ಯಾಕ್3, ಲಿನಕ್ಸ್‌ಸಿಎನ್‌ಸಿ ಎರಡರಲ್ಲೂ ಬ್ಯಾಕ್‌ಲ್ಯಾಶ್ ತುಂಬುವ ಜಾಗ ಇದೆ. ನಾನು ಅದನ್ನು ಸೊನ್ನೆಯಲ್ಲೇ ಇಟ್ಟಿದ್ದೇನೆ. ದಿಕ್ಕು ಬದಲಾದಾಗ ಸಾಫ್ಟ್‌ವೇರ್ ಮೋಟರ್ ಅನ್ನು ಸ್ವಲ್ಪ ಹೆಚ್ಚು ತಿರುಗಿಸುತ್ತದೆ, ಅಷ್ಟೇ. ಆಟ ಅಲ್ಲೇ ಇರುತ್ತದೆ. ಕ್ಲೈಂಬ್ ಮಿಲ್ಲಿಂಗ್‌ನಲ್ಲಿ (ಕಟರ್‌ನ ಹಲ್ಲು ಟೇಬಲ್ ಓಡುವ ದಿಕ್ಕಿಗೇ ಕತ್ತರಿಸುವ ರೀತಿ) ಕಟರ್ ಟೇಬಲ್ ಅನ್ನು ತನ್ನ ಕಡೆ ಎಳೆದುಕೊಳ್ಳುವಾಗ ಅದನ್ನು ಯಾವ ಸಂಖ್ಯೆಯೂ ಹಿಡಿಯಲಾರದು.

ಈಗ ಎಕ್ಸ್ ಆ್ಯಕ್ಸಿಸ್ 0.01 ಆಟ ತೋರಿಸುತ್ತದೆ. ಅದೇ ಪ್ರೋಗ್ರಾಂ, ಅದೇ ಕಟರ್‌ನಲ್ಲಿ ಮತ್ತೊಂದು ಬಿಲ್ಲೆ ಕತ್ತರಿಸಿದೆ. ಎಕ್ಸ್ ಕಡೆ 39.99 ಬಂತು. 3 ಮತ್ತು 9 ಗಂಟೆಯಲ್ಲಿ ಉಗುರಿಗೆ ಏನೂ ಸಿಗಲಿಲ್ಲ. 12 ಮತ್ತು 6ರ ಕಡೆ ಮಾತ್ರ ತೆಳುವಾದ ಗೀಟು ಇನ್ನೂ ಇದೆ. ವೈ ಆ್ಯಕ್ಸಿಸ್‌ನ ಸ್ಕ್ರೂ ತುದಿಗೆ ಗ್ರೀಸ್ ಹಚ್ಚಿ ಗುಂಡು ಕೂರಿಸಿ ಆಗಿದೆ.