ಕೇಕ್ ಫ್ರಿಜ್‌ನಿಂದ ಹೊರಬರುವ ಮೊದಲು

ಕ್ರೀಮಿನ ಗುಲಾಬಿಗೆ ತಾಳ್ಮೆ ಎಂಬುದಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಮಂಗಳೂರಾಗಲಿ ರಾಯಚೂರಾಗಲಿ, ಫ್ರಿಜ್‌ನಿಂದ ತೆಗೆದ ಹತ್ತು ಹದಿನೈದು ನಿಮಿಷಕ್ಕೆಲ್ಲ ದಳಗಳ ಅಂಚು ಮೊಂಡಾಗತೊಡಗುತ್ತದೆ. ನಾವು ಮೇಜು ಒರೆಸುತ್ತಾ, ಮೊಬೈಲ್ ಎಲ್ಲಿಟ್ಟೆವೆಂದು ಹುಡುಕುತ್ತಾ, ಹಿಂದೆ ಕಾಣುವ ಗ್ಯಾಸ್ ಸಿಲಿಂಡರನ್ನು ಸರಿಸುತ್ತಾ ಕಳೆಯುವ ಸಮಯವೂ ಅದೇ. ನಮ್ಮ ಮನೆಯಲ್ಲಿ ಕೇಕ್ ಮಾಡುವವಳು ಸೊಸೆ, ಫೋಟೋ ನನ್ನ ಪಾಲಿನ ಕೆಲಸ. ನಾನು ಪಾಲಿಸುವ ಕಟ್ಟಳೆ ಒಂದೇ: ಕೇಕ್ ಹೊರಗೆ ಬರುವಷ್ಟರಲ್ಲಿ ಬಟನ್ ಒತ್ತುವುದೊಂದು ಬಿಟ್ಟು ಮಿಕ್ಕದ್ದೆಲ್ಲ ಮುಗಿದಿರಬೇಕು.

ಅದಕ್ಕೆ ಒಂದು ಉಪಾಯವಿದೆ. ಕೇಕಿನಷ್ಟೇ ಎತ್ತರದ ಪಾತ್ರೆಯೊಂದನ್ನು ಬೋರಲು ಹಾಕಿ, ಅದಕ್ಕೆ ಬಿಳಿ ಬಟ್ಟೆ ಸುತ್ತಿ, ಕೇಕ್ ಕೂರಬೇಕಾದ ಜಾಗದಲ್ಲೇ ಇಡಿ. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ನೆರಳು ಎಲ್ಲಿ ಕಪ್ಪಾಗುತ್ತಿದೆ, ಹಿನ್ನೆಲೆಯಲ್ಲಿ ಸ್ವಿಚ್‌ಬೋರ್ಡ್ ಇಣುಕುತ್ತಿದೆಯೇ ಎಂಬುದನ್ನೆಲ್ಲ ಆ ಪಾತ್ರೆಯ ಮೇಲೆಯೇ ನೋಡಿಕೊಳ್ಳಿ. ಎಲ್ಲ ಸರಿಹೋದ ಮೇಲೆ ಪಾತ್ರೆ ತೆಗೆದು ಕೇಕ್ ಇಟ್ಟರಾಯಿತು.

ಇನ್ನು ಬೆಳಕು. ದುಬಾರಿ ರಿಂಗ್ ಲೈಟ್ ಕೊಳ್ಳುವ ಮೊದಲು ಮನೆಯ ಕಿಟಕಿಯನ್ನು ಪೂರ್ತಿ ಬಳಸಿಕೊಳ್ಳಿ. ನಮ್ಮ ಮನೆಗಳ ಕಿಟಕಿಗೆ ಸರಳುಗಳಿರುವುದರಿಂದ ನೇರ ಬಿಸಿಲು ಬಿದ್ದರೆ ಬಿಳಿ ಕ್ರೀಮಿನ ಮೇಲೆ ಪಟ್ಟೆಪಟ್ಟೆ ನೆರಳು ಮೂಡುತ್ತದೆ. ಹಳೆಯ ಮಲ್ಲು ಪಂಚೆಯನ್ನು ಒಂದೇ ಪದರವಾಗಿ ಕಿಟಕಿಗೆ ಅಡ್ಡ ಕಟ್ಟಿ. ಪಟ್ಟೆಗಳು ಮಾಯವಾಗಿ ಬೆಳಕು ಮೃದುವಾಗಿ ಹರಡುತ್ತದೆ. ಪಂಚೆ ಬಿಳಿಯದೇ ಇರಬೇಕು. ಕಾವಿಯದು ಕಟ್ಟಿದರೆ ಕೇಕೂ ಕಾವಿ ತೊಡುತ್ತದೆ. ಮಳೆಗಾಲದ ಮೋಡದ ದಿನಗಳಲ್ಲಿ ಪಂಚೆಯೂ ಬೇಡ. ಆ ಕೆಲಸವನ್ನು ಆಕಾಶವೇ ಮಾಡಿರುತ್ತದೆ.

ಕಿಟಕಿ ಕೇಕಿನ ಪಕ್ಕಕ್ಕಿರಲಿ, ನಿಮ್ಮ ಬೆನ್ನ ಹಿಂದೆ ಬೇಡ. ಪಕ್ಕದ ಬೆಳಕಿನಲ್ಲಿ ಪ್ರತಿ ದಳದ ಒಂದು ಬದಿ ತುಸು ಕಪ್ಪಾಗುತ್ತದೆ, ಅದರಿಂದಲೇ ದಳ ದಳವಾಗಿ ಕಾಣುತ್ತದೆ. ಎದುರಿನಿಂದ ಬೆಳಕು ಬಿದ್ದರೆ ಅರ್ಧ ಗಂಟೆ ಕೂತು ಕ್ರೀಮ್ ಹಿಂಡುವ ನಾಝಲ್‌ನಿಂದ ಹಾಕಿದ ಚಿತ್ತಾರವೆಲ್ಲ ಸುಣ್ಣ ಬಳಿದ ಗೋಡೆಯಂತೆ ಚಪ್ಪಟೆಯಾಗುತ್ತದೆ. ಮೊಬೈಲಿನ ಫ್ಲ್ಯಾಷ್ ಮಾಡುವುದೂ ಇದನ್ನೇ, ಅದನ್ನು ಆರಿಸಿಡಿ. ನೆರಳಿನ ಬದಿ ತೀರಾ ಕಪ್ಪೆನಿಸಿದರೆ ಆ ಕಡೆ ಥರ್ಮಾಕೋಲ್ ತುಂಡನ್ನೋ ಬಿಳಿ ಡ್ರಾಯಿಂಗ್ ಶೀಟನ್ನೋ ನಿಲ್ಲಿಸಿ. ಗಿಳಿಹಸಿರು, ಗುಲಾಬಿ ಬಣ್ಣ ಬಳಿದ ಗೋಡೆಯ ಹತ್ತಿರವಂತೂ ಈ ಹಾಳೆ ಇರಲೇಬೇಕು, ಇಲ್ಲದಿದ್ದರೆ ಗೋಡೆಯ ಬಣ್ಣ ಕ್ರೀಮಿಗೆ ಅಂಟುತ್ತದೆ.

ಕಿಟಕಿ ಬೆಳಕಿರುವಾಗ ಮನೆಯ ದೀಪಗಳನ್ನೆಲ್ಲ ಆರಿಸಿ. ಹಳದಿ ಬಲ್ಬೂ ಹಗಲ ಬೆಳಕೂ ಬೆರೆತರೆ ಕೇಕಿನ ಒಂದು ಬದಿ ಹಳದಿ, ಇನ್ನೊಂದು ಬದಿ ನೀಲಿ. ಯಾವುದನ್ನು ಬಿಳಿ ಎನ್ನಬೇಕೆಂದು ಮೊಬೈಲಿಗೂ ತಿಳಿಯುವುದಿಲ್ಲ. ಅಗ್ಗದ ಎಲ್‌ಇಡಿಯದು ಬೇರೆಯೇ ತಕರಾರು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಹಾಗಾಗಿ ಇಂಥ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಆ ಮಿನುಗು ಚಿತ್ರದಲ್ಲಿ ಅಡ್ಡಡ್ಡ ಗೆರೆಗಳಾಗಿ ಬಂದುಬಿಡುತ್ತದೆ.

ಬಿಳಿ ಕೇಕ್ ಬೂದಿ ಬಣ್ಣಕ್ಕೆ ಬರುತ್ತದೆ ಎಂಬುದು ಎಲ್ಲರ ದೂರು. ಮೊಬೈಲು ಏನನ್ನು ಕಂಡರೂ ಅದನ್ನು ನಡುಮಧ್ಯದ ಬೆಳಕಿಗೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಬಿಳಿಯಿದ್ದರೆ ಮಂಕು ಮಾಡುತ್ತದೆ, ಚಾಕೊಲೇಟ್ ಕೇಕಿದ್ದರೆ ತೆಳುಗಂದು ಮಾಡುತ್ತದೆ. ಪರದೆಯ ಮೇಲೆ ಕೇಕಿನ ಮೈಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಫೋಕಸ್ ಅಲ್ಲಿಗೆ ನಿಲ್ಲುತ್ತದೆ, ಬಹುತೇಕ ಮೊಬೈಲುಗಳಲ್ಲಿ ಪಕ್ಕದಲ್ಲೊಂದು ಪುಟ್ಟ ಸೂರ್ಯನ ಗುರುತೂ ಮೂಡುತ್ತದೆ. ಬಿಳಿಗೆ ಸೂರ್ಯನನ್ನು ತುಸು ಮೇಲಕ್ಕೆ ಸರಿಸಿ, ಚಾಕೊಲೇಟಿಗೆ ತುಸು ಕೆಳಕ್ಕೆ. ಕೆಂಪು ಗುಲಾಬಿಗಳಿಗೂ ಕೆಳಕ್ಕೇ ಸರಿಸಬೇಕು. ಕೆಂಪೆಂದರೆ ಮೊಬೈಲಿಗೆ ಅತಿ ಉತ್ಸಾಹ, ದಳಗಳನ್ನೆಲ್ಲ ಕಲಸಿ ಒಂದೇ ಮುದ್ದೆ ಮಾಡಿ ತೋರಿಸುತ್ತದೆ.

ಎರಡು ಮೂರು ಅಂತಸ್ತಿನ ಕೇಕಾದರೆ ಮೊಬೈಲನ್ನು ಕೇಕಿನ ಎತ್ತರಕ್ಕೇ ಇಳಿಸಿ, ನೆಟ್ಟಗೆ ಹಿಡಿಯಿರಿ. ಮೇಲಿನಿಂದ ಓರೆಯಾಗಿ ಹಿಡಿದರೆ ಕೆಳಗಿನ ಅಂತಸ್ತು ಕುಗ್ಗಿದಂತೆ ಕಾಣುತ್ತದೆ. ಹೆಸರು ಬರೆದ ಕೇಕಿಗೆ ಓರೆನೋಟವೇ ಚೆನ್ನ. ಐಸಿಂಗ್ ಮಾಡಿದ ಬಿಸ್ಕತ್ತುಗಳನ್ನು ಸಾಲಾಗಿ ಜೋಡಿಸಿ ನೇರ ಮೇಲಿನಿಂದ ತೆಗೆಯಬಹುದು. ಯಾವುದನ್ನೇ ತೆಗೆಯಲಿ, ಮೂಗು ತಾಗುವಷ್ಟು ಹತ್ತಿರ ಹೋಗಬೇಡಿ. ಹತ್ತಿರದಿಂದ ಕೇಕಿನ ಮುಂಭಾಗ ಉಬ್ಬುತ್ತದೆ. ಎರಡು ಹೆಜ್ಜೆ ಹಿಂದೆ ನಿಂತು 2ಎಕ್ಸ್ ಜೂಮ್‌ನಲ್ಲಿ ತೆಗೆದರೆ ಆಕಾರ ಸರಿಯಾಗಿ ಬರುತ್ತದೆ. ಪೋರ್ಟ್ರೇಟ್ ಮೋಡನ್ನು ಮನುಷ್ಯರಿಗೆ ಬಿಡಿ. ಹಿನ್ನೆಲೆ ಮಸುಕು ಮಾಡುವ ಭರದಲ್ಲಿ ಅದು ಮೇಣದಬತ್ತಿಯ ತುದಿಯನ್ನೂ ಕೇಕಿನ ಮೇಲೆ ಅಲಂಕಾರಕ್ಕೆ ಚುಚ್ಚುವ ಟಾಪರ್ ಕಡ್ಡಿಯನ್ನೂ ನುಂಗುತ್ತದೆ.

ಬೆಣ್ಣೆ ಮುಟ್ಟಿದ ಕೈಯಿಂದಲೇ ಮೊಬೈಲ್ ಎತ್ತುತ್ತೇವಲ್ಲ, ಲೆನ್ಸ್ ಒರೆಸದೆ ಫೋಟೋ ತೆಗೆಯಲೇಬೇಡಿ. ಒರೆಸುವುದು ಒಗೆದ ಮೆತ್ತನೆಯ ಹತ್ತಿಬಟ್ಟೆಯಲ್ಲಿ. ಕೈಗೆ ಸಿಕ್ಕಿತೆಂದು ಮಸಿಬಟ್ಟೆಯಲ್ಲಿ ಒರೆಸಿದರೆ ಜಿಡ್ಡು ಇನ್ನಷ್ಟು ಹರಡುತ್ತದೆ. ಕೇಕ್ ಬೋರ್ಡಿನ ಮೇಲಿನ ಬೆರಳಚ್ಚುಗಳನ್ನು ಒದ್ದೆ ಮಾಡಿದ ಹತ್ತಿಕಡ್ಡಿಯಿಂದ ತೆಗೆಯಿರಿ. ಗಾಢ ಬಣ್ಣದ ಫಾಂಡೆಂಟ್, ಅಂದರೆ ಕೇಕಿಗೆ ಹೊದಿಸುವ ಸಕ್ಕರೆಯ ಹೊದಿಕೆಯ ಮೇಲೆ ಉಳಿದ ಕಾರ್ನ್‌ಫ್ಲೋರ್ ಪುಡಿ ಕಣ್ಣಿಗೆ ಅಷ್ಟಾಗಿ ಕಾಣದಿದ್ದರೂ ಚಿತ್ರದಲ್ಲಿ ಎದ್ದು ಕಾಣುತ್ತದೆ, ಅದಕ್ಕೆ ಒಣಗಿದ ಮೆತ್ತನೆಯ ಕುಂಚ ಸಾಕು. ಕರಾವಳಿಯವರಿಗೆ ಇನ್ನೊಂದು ಮಾತು. ಫ್ರಿಜ್‌ನಲ್ಲಿಟ್ಟ ಫಾಂಡೆಂಟ್ ಕೇಕನ್ನು ಆ ತೇವದ ಗಾಳಿಗೆ ಒಮ್ಮೆಲೇ ಒಡ್ಡಿದರೆ ಮೈಯೆಲ್ಲ ಬೆವರುತ್ತದೆ. ಒರೆಸಲು ಹೋದರೆ ಬಣ್ಣ ಕಿತ್ತು ಬರುತ್ತದೆ. ರಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟು, ಡಬ್ಬಿಯ ಸಮೇತ ಹೊರಗಿಟ್ಟು, ಚಳಿ ಬಿಟ್ಟ ಮೇಲೆ ತೆರೆಯಿರಿ. ಬೆವರು ಡಬ್ಬಿಯ ಪಾಲಾಗುತ್ತದೆ. ಕ್ರೀಮ್ ಕೇಕಿಗೆ ಮಾತ್ರ ಈ ಕ್ರಮ ಸಲ್ಲದು, ಅದು ತಂಪಾಗಿರುವಾಗಲೇ ಚಿತ್ರಕ್ಕೆ ಕೂರಬೇಕು.

ಕೆಳಗಿಡಲು ಊಟದ ಮಣೆಗಿಂತ ಚೆಂದದ ಹಲಗೆ ನನಗೆ ಸಿಕ್ಕಿಲ್ಲ. ಹಿಂದೆ ಇಳಿಬಿಡಲು ಬಣ್ಣ ಮಾಸಿದ, ಚಿತ್ತಾರವಿಲ್ಲದ ಹತ್ತಿ ಸೀರೆಯ ಒಡಲು ಸಾಕು. ಸ್ಟೀಲ್ ತಟ್ಟೆ ಬೇಡ, ಅದರಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಕೇಕಿನ ಪಕ್ಕ ಕನ್ನಡಕ, ಪುಸ್ತಕ, ಕಾಫಿ ಬಟ್ಟಲು ಇಡುವ ಈಗಿನ ಪರಿ ನನಗಂತೂ ಒಗ್ಗದು. ಯಾರೋ ಅರ್ಧಕ್ಕೆ ಎದ್ದುಹೋದ ಮೇಜಿನಂತಿರುತ್ತದೆ. ಹೂವಿಡುವುದಾದರೆ ಹುಷಾರು. ಕಣಗಿಲೆ ನೋಡಲು ಎಷ್ಟೇ ಚೆಂದವಿದ್ದರೂ ಗಿಡದ ಬೇರಿನಿಂದ ಹೂವಿನವರೆಗೆ ವಿಷ, ಫೋಟೋಗೆಂದೂ ಅದನ್ನು ತಿನ್ನುವ ಪದಾರ್ಥದ ಮೇಲಿಡಬಾರದು. ಉಮ್ಮತ್ತಿಯೂ ಹಾಗೆಯೇ. ಪೇಟೆಯ ಗುಲಾಬಿಗೆ ಯಾವ ಔಷಧಿ ಹೊಡೆದಿರುತ್ತಾರೋ, ಅದು ಮಣೆಯ ಮೇಲಿರಲಿ, ಕ್ರೀಮಿನ ಮೇಲೆ ಬೇಡ.

ಅಯ್ಯಂಗಾರ್ ಬೇಕರಿಯಲ್ಲಿ ಸಿಗುವಂಥ ಹನಿ ಕೇಕನ್ನು ಮನೆಯಲ್ಲಿ ಮಾಡಿದವರು ಬೆಳಕು ತುಸು ಹಿಂಬದಿಯಿಂದ, ಓರೆಯಾಗಿ ಬೀಳುವಂತೆ ಇಟ್ಟು ನೋಡಿ. ಮೇಲಿನ ಜಾಮ್ ಮಿರುಗುತ್ತದೆ, ಕೊಬ್ಬರಿ ಪುಡಿಯ ಒಂದೊಂದು ಎಳೆಯೂ ಬಿಡಿಯಾಗಿ ಕಾಣುತ್ತದೆ. ಕತ್ತರಿಸುವ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಒಂದೇ ಎಳೆತಕ್ಕೆ ಇಳಿಸಿ. ಪ್ರತಿ ತುಂಡಿಗೂ ಮತ್ತೆ ಅದ್ದಿ ಒರೆಸಬೇಕು. ಇಲ್ಲದಿದ್ದರೆ ಜಾಮ್ ಬದಿಗೆಲ್ಲ ಮೆತ್ತಿಕೊಂಡು ಪದರ ಕಾಣುವುದಿಲ್ಲ.

ತೆಗೆದ ಮೇಲೆ ಬಣ್ಣ ಏರಿಸುವ ಫಿಲ್ಟರುಗಳ ಗೋಜಿಗೆ ಹೋಗಬೇಡಿ. ಚಿತ್ರದ ನವಿಲುನೀಲಿ ನೋಡಿ ಆರ್ಡರ್ ಕೊಟ್ಟವರಿಗೆ ಡಬ್ಬಿಯಲ್ಲಿ ತಿಳಿನೀಲಿ ಸಿಕ್ಕರೆ ಜಗಳವಾಗುವುದು ನ್ಯಾಯವೇ. ಬಟರ್‌ಕ್ರೀಮಿನ ಬಣ್ಣ, ಅದರಲ್ಲೂ ಕೆಂಪು ಮತ್ತು ಕಪ್ಪು, ಗಂಟೆಗಳು ಕಳೆದಂತೆ ತಾನಾಗಿ ಗಾಢವಾಗುತ್ತದೆ, ಆದ್ದರಿಂದ ಕಲಸಿದ ಕೂಡಲೇ ತೆಗೆದ ಚಿತ್ರವೂ ಪೂರ್ತಿ ನಿಜ ಹೇಳುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಎಚ್‌ಡಿ ಆರಿಸಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ಮನೆ ಕಳಿಸಿದರೆ ಅದು ಚಿತ್ರವನ್ನು ಹಿಂಡಿಬಿಡುತ್ತದೆ. ಹುಟ್ಟುಹಬ್ಬದ ಕೇಕಿನ ಮೇಲೆ ಮಗುವಿನ ಹೆಸರು, ವಯಸ್ಸು ಎರಡೂ ಇರುತ್ತವೆ. ಊರಿಗೆಲ್ಲ ಕಾಣುವಂತೆ ಹಾಕುವ ಮೊದಲು ಅಪ್ಪ ಅಮ್ಮನನ್ನು ಒಂದು ಮಾತು ಕೇಳಿ. ಅವರು ಬೇಡವೆಂದರೂ ತೊಂದರೆಯಾಗದಂತೆ ಹೆಸರು ಬರೆಯುವ ಮುಂಚೆಯೇ ಒಂದು ಚಿತ್ರ ತೆಗೆದಿಟ್ಟುಕೊಂಡಿರಿ.