ನಾಯಿಗೆ ಹಾವು ಕಚ್ಚಿದರೆ: ಆಸ್ಪತ್ರೆ ತಲುಪುವವರೆಗೆ

ತೋಟದ ಮನೆಗಳಲ್ಲಿ ಹಾವು ಮೊದಲು ಕಣ್ಣಿಗೆ ಬೀಳುವುದು ನಾಯಿಗೆ. ಬೊಗಳಿ ಸುಮ್ಮನಾಗುವ ಜಾತಿಯಲ್ಲ ಅದು, ಮೂಸಿಯೇ ನೋಡಬೇಕು. ಹಾಗಾಗಿ ಕಡಿತ ಹೆಚ್ಚಾಗಿ ಮೂತಿಗೆ, ಇಲ್ಲವೇ ಮುಂಗಾಲಿಗೆ. ಸೌದೆ ರಾಶಿಯ ಕಡೆಯಿಂದ ಕುಂಯ್‌ಗುಡುತ್ತ ಬಂದ ನಾಯಿಯ ಮುಖ ಊದುತ್ತಿದ್ದರೆ, ಜೇನು ಕಚ್ಚಿರಬಹುದೆಂದು ಬೆಳಗಿನವರೆಗೆ ಕಾಯಬೇಡಿ.

ಮೊದಲು ನಾಯಿಯನ್ನು ಅಲ್ಲಿಂದ ದೂರ ಕರೆದುಕೊಳ್ಳಿ. ದೊಣ್ಣೆ ಹಿಡಿದು ಹಾವಿನ ಹಿಂದೆ ಹೋದವರೇ ಎರಡನೇ ರೋಗಿಯಾಗುವುದುಂಟು. ದೂರದಿಂದ ಮೊಬೈಲ್‌ನಲ್ಲಿ ಒಂದು ಫೋಟೊ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಬಿಡಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ನಮ್ಮಲ್ಲಿರುವುದು ಒಂದೇ ಪ್ರತಿವಿಷ. ಮನುಷ್ಯರಿಗೆ ಕೊಡುವುದನ್ನೇ ನಾಯಿಗೂ ಕೊಡುತ್ತಾರೆ. ಮಲೆನಾಡಿನ ಗುಳಿಮಂಡಲಗಳ ವಿಷಕ್ಕೆ ಅದು ನಾಟುವುದಿಲ್ಲ. ಫೋಟೊ ನೆರವಿಗೆ ಬರುವುದು ಅಂಥಲ್ಲಿ.

ಕೂಡಲೇ ಕೊರಳಪಟ್ಟಿ ಬಿಚ್ಚಿ. ಬಾವು ಕುತ್ತಿಗೆಗೆ ಇಳಿದರೆ ಅದೇ ಉರುಳಾಗುತ್ತದೆ. ನೋವಿನಲ್ಲಿರುವ ನಾಯಿ ಅನ್ನ ಹಾಕಿದ ಕೈಯನ್ನೂ ಕಚ್ಚುತ್ತದೆ, ನಿಜ. ಆದರೆ ಟವೆಲಿನಿಂದ ಮೂತಿ ಬಿಗಿಯುವ ಉಪಾಯ ಕಾಲು ಮುರಿದಾಗ ಸರಿ, ಇಲ್ಲಿ ಬೇಡ. ಜೊಲ್ಲು, ವಾಂತಿ, ಊದಿದ ಮೂಗು ಇರುವಾಗ ಬಾಯಿ ಕಟ್ಟಿದರೆ ಉಸಿರೂ ಕಟ್ಟುತ್ತದೆ. ದಪ್ಪ ಕಂಬಳಿ ಹೊದಿಸಿ ಎತ್ತಿಕೊಳ್ಳಿ. ದೊಡ್ಡ ನಾಯಿಯಾದರೆ ಗೋಣಿತಾಟಿನ ಮೇಲೆ ಮಲಗಿಸಿ ಇಬ್ಬರು ಹೊರಿ. ನಡೆಸಬೇಡಿ, ಓಡಾಡಿದಷ್ಟೂ ವಿಷ ಬೇಗ ಏರುತ್ತದೆ.

ಹಗ್ಗ ಬಿಗಿಯುವುದು, ಬ್ಲೇಡಿನಿಂದ ಗೀರುವುದು, ಬಾಯಿಂದ ಹೀರುವುದು, ಐಸ್ ಒತ್ತುವುದು ಯಾವುದೂ ಬೇಡ. ಬೇರು ಅರೆದು ಕುಡಿಸುವ ಹಿರಿಯರು ಊರಿಗೊಬ್ಬರಾದರೂ ಇರುತ್ತಾರೆ. ಅವರಿಗೆ ಕಾಫಿ ಕೊಟ್ಟು ಕೂರಿಸಿ ನೀವು ಹೊರಡಿ. ಗಂಟಲು ಸೋತಿರುವಾಗ ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ನೋವಿಗೆಂದು ಮನೆಯಲ್ಲಿರುವ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಮಾತ್ರೆ ಕೊಟ್ಟರೆ ಹಾವಿನದಲ್ಲದೆ ಇನ್ನೊಂದು ವಿಷ ಸೇರಿಸಿದಂತೆ.

ಗಾಡಿ ಹತ್ತುವ ಮುನ್ನ ಪಶುವೈದ್ಯರಿಗೆ ಫೋನ್ ಮಾಡಿ ಕೇಳಬೇಕಾದದ್ದು ಒಂದೇ: ಪ್ರತಿವಿಷ ಇದೆಯೇ? ಎಲ್ಲ ಕಡೆ ಇರುವುದಿಲ್ಲ. ಹತ್ತಿರದಲ್ಲಿ ಇಲ್ಲವೆಂದರೆ ಇರುವ ಕಡೆಗೇ ನೇರವಾಗಿ ಹೋಗಿ. ಕಚ್ಚಿದ ಹೊತ್ತನ್ನು ಬರೆದಿಟ್ಟುಕೊಳ್ಳಿ. ದಾರಿಯುದ್ದಕ್ಕೂ ಗಮನಿಸುತ್ತಿರಿ: ರೆಪ್ಪೆ ಜೋತುಬಿದ್ದು ಹಿಂಗಾಲು ತೂರಾಡಿದರೆ ನಾಗರ ಅಥವಾ ಕಟ್ಟುಹಾವಿನ ಅನುಮಾನ; ಬಾವು ಏರುತ್ತ, ಗಾಯದ ರಕ್ತ ನಿಲ್ಲದಿದ್ದರೆ ಮಂಡಲದ್ದು.

ನಾಗರ, ಕಟ್ಟುಹಾವುಗಳ ವಿಷ ಉಸಿರಾಟದ ಸ್ನಾಯುಗಳನ್ನು ಸೋಲಿಸುತ್ತದೆ. ಉಸಿರು ನಿಂತರೂ ಹೃದಯ ಬಡಿಯುತ್ತಿರಬಹುದು. ಎಡ ಮುಂಗಾಲಿನ ಮೊಣಕೈ ಹಿಂದೆ, ಎದೆಯ ಮೇಲೆ ಅಂಗೈ ಇಟ್ಟು ನೋಡಿ. ಬಡಿತವಿದ್ದರೆ ಬಾಯಿ ಮುಚ್ಚಿ ಹಿಡಿದು, ಮೂಗಿನ ಹೊಳ್ಳೆಗಳಿಗೆ ಬಾಯಿಟ್ಟು 6 ಸೆಕೆಂಡಿಗೊಮ್ಮೆ, ಎದೆ ತುಸು ಏಳುವಷ್ಟು ಊದಿ. ಬಡಿತವೂ ಇಲ್ಲದಿದ್ದರೆ ಮಗ್ಗುಲಲ್ಲಿ ಮಲಗಿಸಿ ನಿಮಿಷಕ್ಕೆ 100ರಿಂದ 120 ಬಾರಿ ಎದೆ ಒತ್ತಿ. 30 ಒತ್ತಿಗೆ 2 ಬಾರಿ ಉಸಿರು. ಗಾಡಿ ಮಾತ್ರ ನಿಲ್ಲಿಸಬೇಡಿ. ಓಡಿಸುವವರು ಓಡಿಸಲಿ, ಊದುವವರು ಊದಲಿ.